‘ಯಾವ ಅವರು?’: ಎರಡನೇ ಸಂಬಂಧಕ್ಕೆ ಬಂದ ಹುಡುಗಿಯ ಒಂದು ಪ್ರಕರಣ

ಇವಳು ಮೊದಲ ಸಲ ನನ್ನ ಹತ್ತಿರ ಬಂದದ್ದು 2023ರ ನವೆಂಬರ್‌ನಲ್ಲಿ. ದಸರಾ ಮುಗಿದು ಮೂರು ವಾರ ಆಗಿತ್ತು. ಮೈಸೂರಿನಲ್ಲಿ ನಾನು ಕುಟುಂಬ ಸಮಾಲೋಚನೆ ಶುರು ಮಾಡಿ 14 ವರ್ಷ. ಕುಡಿತ, ಅನುಮಾನ, ಆಸ್ತಿ ಜಗಳ, ಇಂಥವೇ ಜಾಸ್ತಿ ಬರುತ್ತವೆ. ಇವಳು ಬಂದು ಕೂತು, ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆಯುತ್ತಾ, ಹಾಕುತ್ತಾ, ಅರ್ಧ ಗಂಟೆ ಮಾತಾಡಿದಳು. ನಾನು ಬರೆದುಕೊಳ್ಳುತ್ತಿದ್ದೆ. ಬರೆದದ್ದನ್ನು ತಿರುಗಿ ನೋಡಿದರೆ ತಲೆಬುಡ ಗೊತ್ತಾಗುತ್ತಿಲ್ಲ. “ಅವರು ಏನೂ ಬಾಯಿ ಬಿಡಲ್ಲ ಮೇಡಂ. ಅವರು ಮಾಡ್ತಿದ್ದ ಸಾರೇ ಬೇರೆ ಅಂತೆ. ಶನಿವಾರ ಅವರು ಬಂದ್ರೆ ಅವರ ಮುಖಾನೇ ಬದಲಾಗುತ್ತೆ.”

“ಯಾವ ಅವರು?” ಅಂತ ಕೇಳಿದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅಳುವುದಕ್ಕೆ ಶುರು ಮಾಡಿದಳು. ಗಂಡನ ಹೆಸರು ಹೇಳಬಾರದು ಅಂತ ಬೆಳೆದ ಹುಡುಗಿ, ಹಾಗಾಗಿ ಗಂಡ ‘ಅವರು’. ಗಂಡನ ಮೊದಲ ಹೆಂಡತಿ ವಯಸ್ಸಿನಲ್ಲಿ ದೊಡ್ಡವರು, ಹೆಸರು ಹೇಳುವುದಕ್ಕೆ ಬಾಯಿ ಬರಲ್ಲ, ಅಕ್ಕ ಅನ್ನುವುದಕ್ಕೆ ಮನಸ್ಸು ಬರಲ್ಲ, ಹಾಗಾಗಿ ಅವರೂ ‘ಅವರು’. ಅವಳ ಬಾಯಲ್ಲಿ ಆ ಇಬ್ಬರೂ ಒಂದೇ ಪದದಲ್ಲಿ ಜೊತೆಯಾಗಿದ್ದರು. ಹೊರಗೆ ಇದ್ದವಳು ಇವಳು.

ಇವಳ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಇವಳನ್ನು ಇವಳು ಅಂತಲೇ ಕರೆಯುತ್ತೇನೆ, ಆ ಹೆಂಗಸನ್ನು ಮೊದಲಿನವರು ಅಂತ. ಮಾಜಿ ಹೆಂಡತಿ ಅನ್ನುವುದು ಪೇಪರಿನ ಮಾತು, ಮನೆಯಲ್ಲಿ ಯಾರೂ ಹಾಗೆ ಅನ್ನಲ್ಲ. ಮೊದಲ ಹೆಂಡತಿ ಅಂದರೆ ಸತ್ತವಳೋ, ಬಿಟ್ಟವಳೋ, ಇನ್ನೂ ಇರುವವಳೋ ತಿಳಿಯಲ್ಲ. ಸವತಿ ಅಂತೂ ಅಲ್ಲವೇ ಅಲ್ಲ. ಕಾನೂನು ಪ್ರಕಾರ ಬಿಡುಗಡೆ ಆಗಿ ಬೇರೆ ಮನೆಯಲ್ಲಿ ಬದುಕುತ್ತಿರುವ ಹೆಂಗಸಿಗೆ ನಮ್ಮಲ್ಲಿ ಒಂದು ಸರಿಯಾದ ಹೆಸರೇ ಇಲ್ಲ.

ಇವಳಿಗೆ ಆಗ 25 ವರ್ಷ. ಬಿ.ಕಾಂ. ಓದಿದ್ದಾಳೆ. ಊರು ಅರಕಲಗೂಡು ಕಡೆ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದವರು, ಸೊಪ್ಪು ಒಣಗಿಸುವ ಬ್ಯಾರನ್ ಕಟ್ಟಿಸಿದ ಸಾಲ ತೀರುವ ಮೊದಲೇ ಪಾರ್ಶ್ವವಾಯು ಹೊಡೆಯಿತು. ಕೆಳಗೆ ಇಬ್ಬರು ತಂಗಿಯರು. ಅಂಥ ಹೊತ್ತಿನಲ್ಲಿ ಮೈಸೂರಿನ ಸಂಬಂಧ ಬಂತು. ಹುಡುಗನಿಗೆ 36, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆ ಕೆಲಸ, ಬೋಗಾದಿ ಕಡೆ ಸ್ವಂತ ಮನೆ, ವರದಕ್ಷಿಣೆ ಬೇಡ, ದೇವಸ್ಥಾನದಲ್ಲಿ ಸರಳವಾಗಿ ಮದುವೆ ಸಾಕು. ಒಂದು ಮದುವೆ ಆಗಿ 2019ರಲ್ಲಿ ವಿಚ್ಛೇದನ ಆಗಿದೆ, ಒಬ್ಬ ಮಗ ಇದ್ದಾನೆ, ಅಮ್ಮನ ಹತ್ತಿರ ಇರುತ್ತಾನೆ. ಇಷ್ಟನ್ನು ಮದುವೆ ದಲ್ಲಾಳಿ ಹೇಳಿದ್ದ. ಮುಚ್ಚಿಟ್ಟು ಮದುವೆ ಮಾಡಿದರು ಅಂತ ಇವಳು ಯಾವತ್ತೂ ದೂರಿಲ್ಲ. 2022ರ ಮೇ ತಿಂಗಳಲ್ಲಿ ಮದುವೆ ಆಯಿತು. ಆದರೆ ಯಾಕೆ ಬಿಟ್ಟರು, ಏನಾಗಿತ್ತು ಅಂತ ಒಬ್ಬರೂ ಹೇಳಲಿಲ್ಲ. ಕೇಳಿದ್ದಕ್ಕೆ ಅಮ್ಮ ಅಂದದ್ದು ಇಷ್ಟೇ, “ಹಳೇದೆಲ್ಲ ನಿಂಗ್ಯಾಕೆ ಮಗಾ, ಹೋಗಿ ಚೆನ್ನಾಗಿ ಬಾಳ್ವೆ ಮಾಡು.”

ಹೋದಳು. ಮೊದಲ ದಿನ ಬೆಳಗ್ಗೆ ಕಾಫಿ ಮಾಡೋಣ ಅಂತ ಅಡುಗೆಮನೆಗೆ ಹೋದರೆ ಶೆಲ್ಫಿನಲ್ಲಿ ಸಾಲಾಗಿ ಡಬ್ಬಿಗಳು. ಒಂದೊಂದಕ್ಕೂ ಬಿಳಿ ಚೀಟಿ ಅಂಟಿಸಿ, ನೀಲಿ ಪೆನ್ನಿನಲ್ಲಿ ಬರೆದಿದೆ. ತೊಗರಿಬೇಳೆ. ಸಣ್ಣ ರವೆ. ಸಾರಿನ ಪುಡಿ. ಹುರಿಗಡಲೆ. ಎಣ್ಣೆ ಕೈ ತಗಲಿ ಕೆಲವು ಚೀಟಿ ಹಳದಿಯಾಗಿವೆ, ಅಕ್ಷರ ಮಾತ್ರ ಹಾಗೇ ಇವೆ. ಇವಳು ನನಗೆ ಅದನ್ನು ವರ್ಣಿಸುವಾಗ ಸಿಟ್ಟಿನಿಂದ ಹೇಳಲಿಲ್ಲ. “ಅವರ ಅಕ್ಷರ ತುಂಬಾ ದುಂಡಗೆ, ಚೆನ್ನಾಗಿದೆ ಮೇಡಂ. ನಂದು ಅಷ್ಟು ಚೆನ್ನಾಗಿಲ್ಲ” ಅಂದಳು. ಒಂದೂವರೆ ವರ್ಷ ಪ್ರತಿದಿನ ಮೂರು ಹೊತ್ತು ಆ ಕೈಬರಹ ಓದಿಕೊಂಡು ಅಡುಗೆ ಮಾಡಿದ್ದಾಳೆ. ಚೀಟಿ ಕಿತ್ತು ಹಾಕಬಹುದಿತ್ತಲ್ಲ ಅಂತ ಕೇಳಿದೆ. “ಯಾರೂ ಕೀಳು ಅನ್ನಲಿಲ್ಲ” ಅಂದಳು.

ಮನೆಯ ತುಂಬ ಹೀಗೇ. ಪರದೆ ಅವರು ಆರಿಸಿದ್ದು. ತುಳಸಿ ಕಟ್ಟೆ ಅವರು ಹೇಳಿ ಹಾಕಿಸಿದ್ದು. ಅತ್ತೆ ಏನೂ ಕೆಟ್ಟ ಹೆಂಗಸಲ್ಲ, ಬೈಯುವವರಲ್ಲ, ಕೆಲಸಕ್ಕೆ ಕೈ ಜೋಡಿಸುತ್ತಾರೆ. ಆದರೆ ಊಟಕ್ಕೆ ಕೂತಾಗ “ಅವಳು ಸಾರಿಗೆ ಇಳಿಸೋ ಮುಂಚೆ ಒಂಚೂರು ಬೆಲ್ಲ ಹಾಕ್ತಿದ್ಲು” ಅನ್ನುತ್ತಾರೆ. ದಿನಕ್ಕೆ ಒಂದೆರಡು ಸಲ ಹೆಸರು ತಪ್ಪಿ ಆ ಹೆಸರನ್ನೇ ಕರೆಯುತ್ತಾರೆ. ಇವಳು “ಬಂದೆ ಅತ್ತೆ” ಅಂತ ಹೋಗುತ್ತಾಳೆ. ಅಂದರೆ ಆ ಹೆಸರಿಗೆ ಓಗೊಡುವುದನ್ನು ಕಲಿತುಬಿಟ್ಟಿದ್ದಾಳೆ. ಇದನ್ನು ಕೇಳಿದಾಗ ನನಗೆ ತುಂಬಾ ಸಂಕಟ ಆಯಿತು. ಬೈಗುಳ ತಿಂದವರ ಕಥೆ ಕೇಳಿದಾಗಲೂ ನನಗೆ ಅಷ್ಟು ಆಗಿಲ್ಲ.

ಎರಡನೇ ಮತ್ತು ನಾಲ್ಕನೇ ಶನಿವಾರ ಮಗು ಬರುತ್ತದೆ. ಆಗ ಒಂಬತ್ತು ವರ್ಷ ಅವನಿಗೆ. ಅವನಮ್ಮ ಗೇಟಿನ ತನಕ ಸ್ಕೂಟರಿನಲ್ಲಿ ಬಂದು ಬಿಟ್ಟುಹೋಗುತ್ತಾರೆ. ಇವಳು ಮಹಡಿ ಕಿಟಕಿಯಿಂದ ನೋಡುತ್ತಾಳೆ. ಗಂಡ ಗೇಟಿನ ಹತ್ತಿರ ಎರಡು ನಿಮಿಷ ಮಾತಾಡುತ್ತಾನೆ, ಒಳಗೆ ಬಂದ ಮೇಲೆ ಸಂಜೆಯವರೆಗೂ ಮೌನ. ಆ ಎರಡು ನಿಮಿಷದಲ್ಲಿ ಏನು ಮಾತಾಡಿರಬಹುದು ಅಂತ ಇವಳು ಮುಂದಿನ ಎರಡು ವಾರ ಯೋಚಿಸುತ್ತಾಳೆ. ಪ್ರತಿ ತಿಂಗಳು 5ನೇ ತಾರೀಕು ಗಂಡನ ಫೋನಿನಲ್ಲಿ 12,000 ರೂಪಾಯಿ ಕಳಿಸಿದ ಮೆಸೇಜು ಬರುತ್ತದೆ. ಅದನ್ನೂ ನೋಡುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಮೊದಲಿನವರ ಫೋಟೋ ನೋಡುತ್ತಾಳೆ. ಯಾವ ಸೀರೆ, ಎಲ್ಲಿಗೆ ಹೋಗಿದ್ದರು, ಯಾರು ಜೊತೆಗಿದ್ದರು. ದಿನಕ್ಕೆ ಎಷ್ಟು ಸಲ ಅಂತ ಒಂದು ವಾರ ಗೆರೆ ಹಾಕಿಕೊಂಡು ಬಾ ಅಂದೆ. ಒಂದೊಂದು ದಿನ ಇಪ್ಪತ್ತು ದಾಟಿತ್ತು.

2023ರ ಮಳೆಗಾಲದಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಗೃಹಲಕ್ಷ್ಮಿ ಯೋಜನೆಗೆ ಹೆಸರು ನೋಂದಾಯಿಸುವ ಗಡಿಬಿಡಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಆಗಸ್ಟ್ 30ಕ್ಕೆ ಮೈಸೂರಿನಲ್ಲೇ ಅದರ ಉದ್ಘಾಟನೆ ಆಯಿತಲ್ಲ, ಅದೇ. ಅತ್ತೆ ಬೀರುವಿನಿಂದ ರೇಷನ್ ಕಾರ್ಡ್ ತೆಗೆದು ಇವಳ ಕೈಗೆ ಕೊಟ್ಟು, ನಂಬರ್ ಓದು ಅಂದರು. ಕಾರ್ಡಿನಲ್ಲಿ ಯಜಮಾನಿ ಅಂತ ಅತ್ತೆ, ಕೆಳಗೆ ಮಗ, ಸೊಸೆ, ಮೊಮ್ಮಗ. ಸೊಸೆ ಅಂದರೆ ಮೊದಲಿನವರು. ಇವಳ ಹೆಸರು ಇಲ್ಲ. ಕಾರ್ಡು ಮತ್ತೆ ಬೀರುವಿಗೆ ಹೋಯಿತು. “ನಾನು ನಂಬರ್ ಓದಿ ವಾಪಸ್ ಕೊಟ್ಟೆ ಮೇಡಂ. ಏನೂ ಅನ್ನಲಿಲ್ಲ. ಅವತ್ತಿನಿಂದ ಈ ಮನೇಲಿ ನಾನು ಬಾಡಿಗೆಗೆ ಇದೀನಿ ಅನ್ಸೋಕೆ ಶುರುವಾಯ್ತು.”

ಆಮೇಲೆ ದಸರಾ ಬಂತು.

ಮೈಸೂರು ಕಡೆ ಗೊಂಬೆ ಕೂರಿಸುವ ಮನೆಗಳಲ್ಲಿ ಮದುವೆಯಾದ ಮಗಳಿಗೆ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ. ಮರದ ರಾಜ, ರಾಣಿ. ನವರಾತ್ರಿಯಲ್ಲಿ ಮೇಲಿನ ಮೆಟ್ಟಿಲು ಅವರದು. ಇವಳ ಊರಿನ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ಆದರೂ ಮಗಳು ಮೈಸೂರಿನ ಮನೆಗೆ ಹೋಗುತ್ತಿದ್ದಾಳೆ, ನಾಳೆ ಯಾರೂ ಒಂದು ಮಾತು ಅನ್ನಬಾರದು ಅಂತ ಅವಳಮ್ಮ ಹೊಗೆಸೊಪ್ಪಿನ ದುಡ್ಡಿನಲ್ಲಿ ಉಳಿಸಿ, ಬಸ್ಸು ಹತ್ತಿ ಮೈಸೂರಿಗೆ ಬಂದು, ಅಂಗಡಿ ಅಂಗಡಿ ತಿರುಗಿ, ಒಂದು ಗೇಣುದ್ದದ ಜೋಡಿ ಕೊಂಡು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದರು. ಮೊದಲ ವರ್ಷ ಮನೆಯಲ್ಲಿ ಸೂತಕ, ಗೊಂಬೆ ಇಡಲಿಲ್ಲ. ಎರಡನೇ ವರ್ಷ, ಪಾಡ್ಯದ ದಿನ, ಇವಳು ತನ್ನ ಜೋಡಿಗೆ ತಾನೇ ಹೊಲಿದ ಜರಿ ಬಟ್ಟೆ ಉಡಿಸಿ ತಂದಳು. ನೋಡಿದರೆ ಮೇಲಿನ ಮೆಟ್ಟಿಲಲ್ಲಿ ಆಗಲೇ ಒಂದು ಜೋಡಿ ಕೂತಿದೆ. ಮೊದಲಿನವರ ತವರಿನಿಂದ ಬಂದ ಜೋಡಿ. ಅತ್ತೆ ಇವಳ ಗೊಂಬೆ ನೋಡಿ, “ಚೆನ್ನಾಗಿದೆ ಕಣೇ, ಅದನ್ನ ಅಲ್ಲಿ ಪಕ್ಕದಲ್ಲಿಡು” ಅಂದರು.

ಒಂಬತ್ತು ದಿನ ಆರತಿಗೆ ಬಂದವರೆಲ್ಲ ನೋಡಿದರು. ಹತ್ತನೇ ದಿನ ಇವಳು ತನ್ನ ಜೋಡಿಯನ್ನು ಅದೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದಳು. ಅವತ್ತಿನಿಂದ ಊಟ ಸೇರಲಿಲ್ಲ. ಬಚ್ಚಲಲ್ಲಿ ನಲ್ಲಿ ತಿರುಗಿಸಿ ಕೂತು ಅಳುವುದು. ತವರಿಗೆ ಫೋನ್ ಮಾಡಿದರೆ, “ಎರಡನೇ ಸಂಬಂಧ ಅಂತ ಗೊತ್ತಿದ್ದೇ ಹೋಗಿದೀಯಲ್ಲ, ಅಡ್ಜಸ್ಟ್ ಮಾಡ್ಕೋ.” ಪಕ್ಕದ ಮನೆಯ ಹೆಂಗಸೊಬ್ಬರು ಕರೆದುಕೊಂಡು ಬಂದು ನನ್ನ ಹತ್ತಿರ ಬಿಟ್ಟರು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಎರಡು ಭೇಟಿಯಲ್ಲಿ ನಾನು ಇದನ್ನು ಹೋಲಿಕೆಯ ಸಮಸ್ಯೆ ಅಂತ ನೋಡಿದೆ. ಸವತಿ ಮತ್ಸರ ಅನ್ನುವ ಸಿದ್ಧ ಮಾತು ನಮ್ಮ ತಲೆಯಲ್ಲಿ ಕೂತಿರುತ್ತದೆ, ಓದಿದವರ ತಲೆಯಲ್ಲೂ ಕೂತಿರುತ್ತದೆ. ಫೋಟೋ ನೋಡುವುದು ಕಡಿಮೆ ಮಾಡು, ನಿನ್ನ ಗುಣಗಳನ್ನು ಬರೆದುಕೋ, ಹೊರಗೆ ಕೆಲಸಕ್ಕೆ ಸೇರು, ಇಂಥದ್ದೇ ಹೇಳಿದೆ. ಇವಳು ಚೊಕ್ಕಟವಾಗಿ ಎಲ್ಲ ಮಾಡಿಕೊಂಡು ಬಂದಳು. ಏನೂ ಬದಲಾಗಲಿಲ್ಲ. ನಿದ್ದೆ ಇನ್ನೂ ಕೆಟ್ಟಿತು. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ, ಇಲ್ಲ ಅಂದಳು, ಆದರೂ ರಾತ್ರಿ ಹೊತ್ತು ತಡೆಯಲಾಗದಿದ್ದರೆ ಮಾಡು ಅಂತ ಟೆಲಿ ಮಾನಸ್ 14416 ನಂಬರು ಬರೆದುಕೊಟ್ಟೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ಮಾಡಿದಳಂತೆ. ಆ ಕಡೆಯವರು, ನಿಮಗೆ ಏನು ಗೊತ್ತಾಗಬೇಕು ಅಂತ ಕೇಳಿದರಂತೆ. ಮಾರನೇ ಸಲ ಬಂದಾಗ ಅದನ್ನೇ ನನಗೆ ಹೇಳಿದಳು. “ನಂಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ ಮೇಡಂ. ನಂಗೆ ಏನಾಗಿತ್ತು ಅಂತ ಗೊತ್ತಾಗಬೇಕು ಅಷ್ಟೆ. ಅಷ್ಟು ಒಳ್ಳೆಯವರನ್ನೇ ಇವರು ಬಿಟ್ರು ಅಂದ್ರೆ, ನನ್ನನ್ನ ಬಿಡೋಕೆ ಎಷ್ಟು ಹೊತ್ತು?”

ಒಂದೂವರೆ ವರ್ಷ ಅವಳ ಒಳಗೆ ಕೊರೆಯುತ್ತಿದ್ದದ್ದು ಈ ಭಯ. ನಾನು ಮತ್ಸರ ಅಂದುಕೊಂಡಿದ್ದೆ. ಫೋಟೋ ನೋಡುತ್ತಿದ್ದದ್ದು ಹೋಲಿಸಿಕೊಳ್ಳುವುದಕ್ಕಲ್ಲ. ಆ ಹೆಂಗಸಿನಲ್ಲಿ ಏನು ಕೊರತೆ ಇತ್ತು ಅಂತ ಹುಡುಕುತ್ತಿದ್ದಳು. ಸಿಕ್ಕಿದರೆ ಅದೊಂದನ್ನು ತಾನು ಮಾಡದೆ ಉಳಿದುಕೊಳ್ಳಬಹುದಲ್ಲ ಅಂತ. ಸಿಗುತ್ತಿರಲಿಲ್ಲ.

ಗಂಡನನ್ನು ಕರೆಸಿದೆ. ಬರುವುದಕ್ಕೆ ಒಂದು ತಿಂಗಳು ತಗೊಂಡ. ಒಳ್ಳೆ ಮನುಷ್ಯ, ಮೆತ್ತಗಿನ ಮಾತು, ಕುರ್ಚಿಯ ತುದಿಯಲ್ಲಿ ಕೂರುವವನು. “ಹಳೇದು ಕೆದಕಿದ್ರೆ ಇವಳಿಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಮೇಡಂ” ಅಂದ. ಇದನ್ನು ನಾನು ಎಷ್ಟೋ ಗಂಡಸರ ಬಾಯಲ್ಲಿ ಕೇಳಿದ್ದೇನೆ, ಅವರು ಅದನ್ನು ನಂಬಿಯೇ ಹೇಳುತ್ತಾರೆ. ನಾನು ಒಂದೇ ಕೆಲಸ ಹೇಳಿದೆ. ಮುಂದಿನ ಸಲ ಬರುವಾಗ ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ಆದೇಶ, ತನ್ನಿ, ಮೂರೂ ಜನ ಕೂತು ಓದೋಣ.

ತಂದ. ಆರು ಹಾಳೆ, ಸ್ಟೇಪಲ್ ಪಿನ್ನು ತುಕ್ಕು ಹಿಡಿದಿತ್ತು. ಇಂಗ್ಲಿಷಿನಲ್ಲಿತ್ತು, ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಂದೂ ವಿವಾಹ ಕಾಯ್ದೆ 1955ರ 13ಬಿ ಕಲಮಿನ ಕೆಳಗೆ, ಇಬ್ಬರೂ ಒಪ್ಪಿ ತಗೊಂಡ ವಿಚ್ಛೇದನ. ಒಬ್ಬರು ಇನ್ನೊಬ್ಬರನ್ನು ಹೊರಗೆ ಹಾಕಿದ್ದಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದು, ಅರ್ಜಿ ಹಾಕಿ, ಆರು ತಿಂಗಳು ಕಾದು, ಮತ್ತೆ ಬಂದು ಹೌದು ಅಂದಿದ್ದರು. ಈ ಆರು ತಿಂಗಳನ್ನು ನ್ಯಾಯಾಲಯ ಬೇಕಾದರೆ ಬಿಡಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂತ ನಾನು ಸುಮ್ಮನೆ ಹೇಳಿದ್ದೇ ತಡ, ಇವಳು ತಟ್ಟನೆ ಗಂಡನ ಕಡೆ ತಿರುಗಿದಳು. “ಹಾಗಾದ್ರೆ ನೀವ್ಯಾಕೆ ಕಾದ್ರಿ? ಬಿಡೋಕೆ ಮನಸ್ಸಿರಲಿಲ್ವಾ?” ಮದುವೆಯಾದ ಮೇಲೆ ಅವಳು ಅವನಿಗೆ ಕೇಳಿದ ಮೊದಲ ನೇರ ಪ್ರಶ್ನೆ ಅದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ವಕೀಲರು ಹೇಳಿರಲಿಲ್ಲ. ನಂಗೆ ಕೇಳಬೇಕು ಅಂತಲೂ ಅನ್ಸಲಿಲ್ಲ. ಆ ಆರು ತಿಂಗಳು ನಂಗೆ ಏನೂ ನೆನಪಿಲ್ಲ ಕಣೇ” ಅಂದ.

ಮುಂದಿನ ಹಾಳೆಯಲ್ಲಿ ದುಡ್ಡಿನ ವಿಷಯ. ಹೆಂಡತಿ ತನಗಾಗಿ ಜೀವನಾಂಶ ಕೇಳಿಲ್ಲ, ಅವರಿಗೆ ತಮ್ಮದೇ ಕೆಲಸ ಇದೆ. ತಿಂಗಳಿಗೆ 12,000 ಮಗುವಿನ ಶಾಲೆಗೆ, ಖರ್ಚಿಗೆ. ಅಪ್ಪ ಅಮ್ಮ ಬೇರೆಯಾದರೂ ಮಗುವನ್ನು ಸಾಕುವ ಹೊಣೆ ತಪ್ಪುವುದಿಲ್ಲ, ಅದು ಕಾನೂನು. ಮಗು ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ ಹತ್ತಕ್ಕೆ ಬರುವುದು, ಭಾನುವಾರ ಸಂಜೆ ಐದಕ್ಕೆ ಹೋಗುವುದು, ಬೇಸಿಗೆ ರಜೆ ಮತ್ತು ದಸರಾ ರಜೆಯಲ್ಲಿ ಅರ್ಧ ಅರ್ಧ. ಇವಳು ಆ ಹಾಳೆಯ ಮೇಲೆ ಬೆರಳಿಟ್ಟು, “ಗೇಟಿನ ಹತ್ರ ಮಾತಾಡೋದು ಇದನ್ನೇನಾ?” ಅಂದಳು. “ಮತ್ತಿನ್ನೇನು? ಹೋಂವರ್ಕ್ ಇದೆ, ಜ್ವರ ಬಂದಿತ್ತು, ಸಿರಪ್ ಬ್ಯಾಗಲ್ಲಿದೆ, ಇಷ್ಟೇ.” ಇಷ್ಟನ್ನು ಅವನು ಮನೆಯೊಳಗೆ ಬಂದು ಅವಳಿಗೆ ಹೇಳಿದ್ದರೆ ಎಷ್ಟು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಅದಾದ ಮೇಲೆ ಅವನೊಬ್ಬನೇ ಎರಡು ಸಲ ಬಂದ. ನಿಧಾನಕ್ಕೆ ಹೊರಗೆ ಬಂತು. ಮೊದಲ ಮದುವೆಯಲ್ಲಿ ಅಮ್ಮನಿಗೂ ಹೆಂಡತಿಗೂ ಆಗುತ್ತಿರಲಿಲ್ಲ. ಏಳು ವರ್ಷ ಅವನು ಯಾರ ಪರವೂ ಮಾತಾಡಲಿಲ್ಲ. ಜಗಳ ಶುರುವಾದರೆ ಗಾಡಿ ತಗೊಂಡು ಹೊರಗೆ ಹೋಗಿಬಿಡುತ್ತಿದ್ದ. ಮೊದಲಿನವರು ಕೊನೆಗೆ ಹೇಳಿದ್ದೂ ಅದನ್ನೇ, ನನಗೆ ನಿಮ್ಮಮ್ಮನ ಮೇಲೆ ಸಿಟ್ಟಿಲ್ಲ, ನೀವು ಈ ಮನೆಯಲ್ಲಿ ಇರಲೇ ಇಲ್ಲ. ಆ ಮಾತು ಅವನ ಎದೆಯಲ್ಲಿ ಕೂತಿತ್ತು. ಮಗುವನ್ನು ಬಿಟ್ಟುಹೋಗುವಾಗಲೆಲ್ಲ ಅವನು ಮಂಕಾಗುತ್ತಿದ್ದದ್ದು ಹಳೇ ಪ್ರೀತಿಯಿಂದಲ್ಲ, ನಾಚಿಕೆಯಿಂದ. ಇವಳು ಅದನ್ನು ಪ್ರೀತಿ ಅಂತ ಓದಿಕೊಂಡಿದ್ದಳು. ಹೇಳದೇ ಇದ್ದರೆ ಯಾರು ತಾನೇ ಬೇರೆ ಥರ ಓದುತ್ತಾರೆ?

ಇದನ್ನು ನೀವು ಅವಳಿಗೆ ಹೇಳಬೇಕು ಅಂದೆ. ಹೇಳಿದ, ನನ್ನ ಮುಂದೆ ಅಲ್ಲ, ಒಂದು ಭಾನುವಾರ ಸಂಜೆ ಚಾಮುಂಡಿ ಬೆಟ್ಟದ ಮೆಟ್ಟಿಲಿಳಿಯುವಾಗ. ಅವಳು ಮಾರನೇ ದಿನವೇ ನನಗೆ ಫೋನ್ ಮಾಡಿದಳು. “ಅವರೇ ತಪ್ಪು ಮಾಡಿದ್ದಂತೆ ಮೇಡಂ” ಅಂದಳು ಗಂಡನ ಬಗ್ಗೆ. ದನಿಯಲ್ಲಿ ಸಿಟ್ಟೂ ಇತ್ತು, ಹಗುರವೂ ಇತ್ತು. ಆಮೇಲೆ ಒಂದು ತಿಂಗಳು ಅವನ ಜೊತೆ ಸರಿಯಾಗಿ ಜಗಳ ಆಡಿದಳು. ಅವನು ಗಾಡಿ ತಗೊಂಡು ಹೋಗಲಿಲ್ಲ, ಅಥವಾ ಹೋದರೂ ಬೀದಿ ಕೊನೆಯಿಂದ ವಾಪಸ್ ಬಂದ. ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಅಲ್ಲಿ.

ಕಾಗದಪತ್ರದ ಕೆಲಸ ನಾನು ಹಿಂದೆ ಬಿದ್ದು ಮಾಡಿಸಿದೆ. ಸಮಾಲೋಚಕರು ಇದರಲ್ಲೆಲ್ಲ ತಲೆ ಹಾಕಬೇಕಾ ಅಂತ ಕೆಲವರು ಕೇಳುತ್ತಾರೆ. ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. “ನಾಳೆ ಏನಾದ್ರೂ ಆದ್ರೆ ನಂಗೆ ಏನಿದೆ” ಅನ್ನುವ ಭಯಕ್ಕೆ ಸಮಾಧಾನದ ಮಾತು ಸಾಲದು. ಅವನ ಜೀವ ವಿಮೆಯಲ್ಲಿ ನಾಮಿನಿ ಇನ್ನೂ ಮೊದಲಿನವರೇ ಆಗಿದ್ದರು. ವಿಚ್ಛೇದನ ಆಯಿತು ಅಂತ ಆ ಹೆಸರು ತಾನಾಗಿ ಹೋಗುವುದಿಲ್ಲ, ಪಾಲಿಸಿದಾರ ಅರ್ಜಿ ಕೊಟ್ಟು ಬದಲಾಯಿಸಬೇಕು. ಪಿಎಫ್‌ನಲ್ಲೂ ಹೊಸದಾಗಿ ನಾಮಿನಿ ಹಾಕಿಸಿದ, ಹೆಂಡತಿ ಮತ್ತು ಮಗ ಇಬ್ಬರನ್ನೂ ಸೇರಿಸಿ. ಮಗನ ಹೆಸರು ಯಾಕೆ ಅಂತ ಇವಳ ತವರಿನವರು ಗೊಣಗಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೂ, ಮಕ್ಕಳಿಗೂ, ತಾಯಿಗೂ ಸಮಪಾಲು, ಮೊದಲ ಮದುವೆಯ ಮಗು ಅಂತ ಕಡಿಮೆ ಆಗಲ್ಲ, ವಿಚ್ಛೇದನ ಆದ ಹೆಂಡತಿಗೆ ಪಾಲಿಲ್ಲ. ಇದನ್ನು ವಿವರಿಸಿದಾಗ ಇವಳೇ, “ಮಗೂಗೆ ಇರಲಿ ಬಿಡಿ, ನಂಗೇನೂ ಇಲ್ಲ ಅಂದುಕೊಂಡಿದ್ದೆನಲ್ಲ, ಅದು ಸುಳ್ಳಾಯ್ತಲ್ಲ” ಅಂದಳು.

ಅತ್ತೆ ಬಂದದ್ದು ಒಂದೇ ಸಲ, 2024ರ ಮಾರ್ಚ್‌ನಲ್ಲಿ. ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಲು ತಯಾರಾಗಿಯೇ ಕೂತಿದ್ದೆ. ಆ ಹೆಂಗಸು ಬಂದವರೇ ಮೊಮ್ಮಗನ ಮಾತು ತೆಗೆದರು. ನಾಲ್ಕು ವರ್ಷದವನಾಗುವವರೆಗೂ ತಮ್ಮ ಮಡಿಲಲ್ಲೇ ಮಲಗುತ್ತಿದ್ದನಂತೆ. ಬೆಲ್ಲ ಹಾಕಿದ ಸಾರು ಅವನಿಗೆ ಇಷ್ಟ. ತುಳಸಿ ಕಟ್ಟೆಯ ಸುತ್ತ ಸೈಕಲ್ ಕಲಿತ. ನಾನು ಕೇಳುತ್ತಾ ಹೋದ ಹಾಗೆ ಒಂದು ವಿಷಯ ಹೊಳೆಯಿತು. ಈ ಅಜ್ಜಿ ಹಳೇ ಸೊಸೆಯನ್ನು ನೆನೆಯುತ್ತಿರಲಿಲ್ಲ, ಅವರಿಬ್ಬರಿಗೆ ಏಳು ವರ್ಷ ಎಣ್ಣೆ ಸೀಗೇಕಾಯಿ. ಮಗು ಇದ್ದ ದಿನಗಳನ್ನು ನೆನೆಯುತ್ತಿದ್ದರು. ಆ ದಿನಗಳಿಗೆ ಹೋಗುವ ದಾರಿಯಲ್ಲಿ ಆ ಸೊಸೆಯ ಹೆಸರು ಸಿಗುತ್ತಿತ್ತು, ಅಷ್ಟೆ. ಪಟ್ಟದ ಗೊಂಬೆ ವಿಷಯ ಕೇಳಿದೆ. “ಮಗು ದಸರಾ ರಜೆಗೆ ಬರುತ್ತೆ, ನಮ್ಮ ರಾಜ ರಾಣಿ ಎಲ್ಲಿ ಅಜ್ಜಿ ಅನ್ನುತ್ತೆ. ತೆಗೆದಿಟ್ರೆ ಏನು ಹೇಳಲಿ?” ಅಂದರು. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಜೋಡಿಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಹೇಳಿದಾಗ ಸೆರಗು ಬಾಯಿಗೆ ಇಟ್ಟುಕೊಂಡರು. “ಇವಳಮ್ಮ ಬಸ್ಸಲ್ಲಿ ಹೊತ್ಕೊಂಡು ತಂದಿದ್ದು ಅಲ್ವಾ ಅದು” ಅಂದರು.

ಮಗುವಿನ ವಿಷಯದಲ್ಲಿ ನಾವು ಮಾಡಿದ್ದು ಕಡಿಮೆ, ಬಿಟ್ಟದ್ದು ಜಾಸ್ತಿ. ಇವಳನ್ನು ಅಮ್ಮ ಅಂತ ಕರೆ ಅಂತ ಅಜ್ಜಿ ಅವನಿಗೆ ಹೇಳಿಕೊಡುತ್ತಿದ್ದರು. ಅವನು ಏನೂ ಕರೆಯದೆ, ಬೇಕಾದದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದ. ಅವನಿಗೆ ಅಮ್ಮ ಇದ್ದಾರೆ, ಎರಡು ಕಿಲೋಮೀಟರ್ ದೂರದಲ್ಲಿ ಚೆನ್ನಾಗೇ ಇದ್ದಾರೆ, ಆ ಹೆಸರನ್ನು ಇನ್ನೊಬ್ಬರಿಗೆ ಕೊಡು ಅಂದರೆ ಮಗು ಹೇಗೆ ಕೊಡುತ್ತದೆ? ಒತ್ತಾಯ ನಿಲ್ಲಿಸಿ ಅಂದೆ. ಎರಡು ತಿಂಗಳಾದ ಮೇಲೆ ಅವನೇ ಚಿಕ್ಕಿ ಅನ್ನಲು ಶುರು ಮಾಡಿದ.

ಮೊದಲಿನವರನ್ನು ನಾನು ಕರೆಸಲಿಲ್ಲ. ಅವರು ಇವಳ ಸಂಸಾರಕ್ಕೆ ಉತ್ತರ ಹೇಳಬೇಕಾದವರಲ್ಲ. ಆದರೆ ಮೇ ತಿಂಗಳ ಒಂದು ಶನಿವಾರ ಗಂಡ ಡ್ಯೂಟಿಯಲ್ಲಿದ್ದ, ಅತ್ತೆ ಸ್ನಾನಕ್ಕೆ ಹೋಗಿದ್ದರು, ಇವಳೇ ಗೇಟಿಗೆ ಹೋಗಬೇಕಾಯಿತು. ಮಗು ಒಳಗೆ ಓಡಿತು. ಮೊದಲಿನವರು ಹೆಲ್ಮೆಟ್ ತೆಗೆಯದೆ ನಿಂತು, ಸ್ವಲ್ಪ ತಡವರಿಸಿ, “ನಿಮ್ಮನ್ನ ಒಂದು ಕೇಳಬಹುದಾ? ನಮ್ಮಮ್ಮ ಕೊಟ್ಟ ಪಟ್ಟದ ಗೊಂಬೆ ಅಲ್ಲೇ ಉಳಿದುಬಿಟ್ಟಿದೆ. ಎರಡು ಸಲ ಕೇಳಿದೆ, ಸಿಗಲಿಲ್ಲ. ಅಮ್ಮ ಈಗಿಲ್ಲ. ನಂಗೆ ಅದೊಂದು ಬೇಕಿತ್ತು” ಅಂದರಂತೆ. ಆ ಮಾತಿನಲ್ಲಿ ಯಜಮಾನಿಕೆ ಇರಲಿಲ್ಲ, ಬೇಡಿಕೆ ಇತ್ತು. ತವರಿನಿಂದ ಹೆಣ್ಣಿಗೆ ಬಂದದ್ದು ಸ್ತ್ರೀಧನ, ಅವರದೇ ಸ್ವತ್ತು, ಕೇಳುವ ಹಕ್ಕು ಪೂರ್ತಿ ಇತ್ತು. ಒಂದೂವರೆ ವರ್ಷ ಇವಳು ಆ ಮನೆಯ ಗೋಡೆ ಗೋಡೆಯಲ್ಲಿ ಕಂಡ ಹೆಂಗಸು, ಅಲ್ಲಿಂದ ತನ್ನ ಕೊನೆಯ ಸಾಮಾನು ತಗೊಂಡು ಹೋಗಲು ಐದು ವರ್ಷದಿಂದ ಕಾಯುತ್ತಿದ್ದರು.

ಇವಳು ಅವತ್ತು ಸಂಜೆ ಅತ್ತೆಯ ಹತ್ತಿರ ಕೇಳಿದಳು. ಅತ್ತೆ ಎರಡು ದಿನ ಮುಖ ಊದಿಸಿದರು. ಗಂಡ ಆ ಸಲ ಮಧ್ಯೆ ಬಂದು, “ಅಮ್ಮ, ಅದು ಅವಳದ್ದು, ಕೊಡಲೇಬೇಕು” ಅಂದ. ಮಗು ಮುಂದಿನ ಸಲ ಬಂದಾಗ, ಭಾನುವಾರ ಸಂಜೆ ಐದಕ್ಕೆ ಆ ಜೋಡಿ ಹಳೇ ಟವಲಿನಲ್ಲಿ ಸುತ್ತಿಸಿಕೊಂಡು ಮಗುವಿನ ಕಾಲಿನ ಮಧ್ಯೆ ಸ್ಕೂಟರಿನಲ್ಲಿ ಹೋಯಿತು.

2024ರ ದಸರಾದಲ್ಲಿ ಮಗು ರಜೆಗೆ ಬಂದ. ಇವಳು ಪೆಟ್ಟಿಗೆ ಬೀಗ ತೆಗೆದಳು. ಮೇಲಿನ ಮೆಟ್ಟಿಲಿಗೆ ಏರಿಸಲು ಅವಳಿಗೇ ಹಿಂಜರಿಕೆ, ಅತ್ತೆ ಕೈಯಿಂದ ತಗೊಂಡು ಇಟ್ಟರು. ಮಗು ಸ್ವಲ್ಪ ಹೊತ್ತು ನೋಡಿ, ಇದು ನಮ್ಮದಲ್ಲ ಅಂದ. “ಇದು ಚಿಕ್ಕೀದು. ನಿಮ್ಮಮ್ಮನದು ನಿಮ್ಮನೇಲಿದೆಯಲ್ಲ” ಅಂದಳು ಇವಳು. ಅಲ್ಲಿ ಮೂರೇ ಮೆಟ್ಟಿಲಂತೆ, ಇಲ್ಲಿ ಏಳು. ಹಾಗಾದರೆ ಇಲ್ಲಿ ಆನೆ ಅಂಬಾರಿ ನಾನೇ ಇಡ್ತೀನಿ ಅಂದ. ರಾಜನ ಪೇಟ ಸಡಿಲವಾಗಿತ್ತು, ಒಂದು ರಬ್ಬರ್ ಬ್ಯಾಂಡ್ ತಂದು ಒಳಗಿನಿಂದ ಕಟ್ಟಿದ. ಇವಳು ಆ ಫೋಟೋ ಕಳಿಸಿದ್ದಳು. ಪೇಟ ಸ್ವಲ್ಪ ಓರೆಯಾಗಿದೆ.

ಒಟ್ಟು 11 ಭೇಟಿ. ಕೊನೆಯ ಭೇಟಿಯಲ್ಲಿ ಅವಳು ಮಾತಾಡುವಾಗ ನಾನು ಒಂದು ಸಲವೂ ‘ಯಾವ ಅವರು’ ಅಂತ ಕೇಳಬೇಕಾಗಲಿಲ್ಲ. ಮೊದಲಿನವರನ್ನು ಈಗ ‘ಅವನಮ್ಮ’ ಅನ್ನುತ್ತಾಳೆ. ಡಬ್ಬಿಯ ಚೀಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತಿದ್ದಾಳೆ, ಹೊಸ ಚೀಟಿ ಅಂಟಿಸಿಲ್ಲ, ಯಾವುದರಲ್ಲಿ ಏನಿದೆ ಅಂತ ಈಗ ಗೊತ್ತಂತೆ. ಅಕೌಂಟ್ಸ್ ಕೆಲಸಕ್ಕೆ ಸೇರಿದ್ದಾಳೆ.

ಎಲ್ಲ ಸರಿಹೋಗಿದೆ ಅಂತ ನಾನು ಬರೆಯಲಾರೆ. ತನ್ನದೇ ಮಗು ಬೇಕು ಅಂತ ಅವಳಿಗೆ ಆಸೆ, ಅವನಿಗೆ ಇನ್ನೂ ಹೆದರಿಕೆ, ಆ ಮಾತು ಅರ್ಧಕ್ಕೇ ನಿಂತಿದೆ. ತವರಿನ ಮೇಲಿನ ಮುನಿಸು ಹೋಗಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಲು ಅರ್ಜಿ ಹಾಕಿದ್ದಾರೆ, ಇನ್ನೂ ಆಗಿಲ್ಲ. ಇದನ್ನು ಬರೆಯಲಾ ಅಂತ ಕೇಳಲು ಫೋನ್ ಮಾಡಿದಾಗ ಅವಳು ಅಡುಗೆಮನೆಯಲ್ಲಿದ್ದಳು, ಕಾವಲಿಯ ಸದ್ದು ಕೇಳುತ್ತಿತ್ತು. ಅತ್ತೆ ಈಗಲೂ ಹೆಸರು ತಪ್ಪುತ್ತಾರಾ ಅಂದೆ. “ತಿಂಗಳಿಗೊಂದು ಸಲ ಆಗುತ್ತೆ ಮೇಡಂ. ನಾನು ಓಗೊಡಲ್ಲ. ನನ್ನ ಹೆಸರು ಕರೆಯೋವರೆಗೂ ದೋಸೆ ಹುಯ್ತಾ ಇರ್ತೀನಿ.”